ಸೈಬರ್ ಕಿರುಕುಳ ಮತ್ತು ವ್ಯಾಪಾರಿಯ ಪತ್ತು: ಅರಿವು, ಕಾನೂನು ಹಾಗೂ ಎದುರಿಸುವ ಕ್ರಮ

ವ್ಯಾಪಾರಕ್ಕೆ ಬಂಡವಾಳ ಎಷ್ಟು ಅವಶ್ಯವೋ ಪತ್ತು ಅದಕ್ಕಿಂತ ಹೆಚ್ಚು ಅವಶ್ಯ. ‘ಪತ್ತಿನ ಸಹಕಾರ ಸಂಘ’ ಎಂಬ ಹೆಸರಿನಲ್ಲಿಯೇ ಈ ಮಾತಿನ ತಿರುಳು ಅಡಗಿದೆ. ಒಬ್ಬನ ಮಾತನ್ನು ನಂಬಿ ಸಗಟು ವ್ಯಾಪಾರಿಯು ತಿಂಗಳ ಉದ್ದರಿಯ ಮೇಲೆ ಸರಕು ಕಳುಹಿಸುತ್ತಾನೆ. ಹೆಸರನ್ನು ನಂಬಿ ಗ್ರಾಹಕನು ಮುಂಗಡ ಕೊಟ್ಟು ಹೋಗುತ್ತಾನೆ. ಸಂಬಳ ತಪ್ಪದೆಂಬ ಭರವಸೆಯ ಮೇಲೆ ಕೆಲಸಗಾರನು ವರ್ಷಗಟ್ಟಲೆ ಒಂದೇ ಕಡೆ ದುಡಿಯುತ್ತಾನೆ. ಇಂತಹ ನಂಬಿಕೆಯನ್ನು ಗಳಿಸಲು ಒಂದು ತಲೆಮಾರು ಹಿಡಿಯುತ್ತದೆ. ಅದನ್ನು ಒಂದು ಮಧ್ಯಾಹ್ನದೊಳಗೆ ಕೆಡಿಸಬಲ್ಲ ಸಾಧನ ಇಂದು ಪ್ರತಿಯೊಬ್ಬರ ಜೇಬಿನಲ್ಲಿದೆ.

ಸೈಬರ್ ಕಿರುಕುಳವೆಂದರೆ ಶಾಲಾಕಾಲೇಜುಗಳ ಮಕ್ಕಳ ಸಮಸ್ಯೆ ಎಂಬ ಭಾವನೆ ವ್ಯಾಪಾರಸ್ಥರಲ್ಲಿ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅಂಗಡಿ, ಕಾರ್ಖಾನೆ ಮತ್ತು ಮಾರುಕಟ್ಟೆಗಳು ಕೂಡ ಇದರ ಹೊಡೆತಕ್ಕೆ ಸಿಕ್ಕಿವೆ. ವ್ಯಾಪಾರಿಯು ಕಿರುಕುಳಕ್ಕೆ ಒಳಗಾಗುವಂತೆಯೇ, ಅರಿತೋ ಅರಿಯದೆಯೋ ಕಿರುಕುಳ ಕೊಡುವವನೂ ಆಗುವ ಸಂದರ್ಭಗಳಿವೆ ಎಂಬುದು ಇನ್ನೂ ಮುಖ್ಯವಾದ ಸಂಗತಿ. ಈ ಎರಡೂ ಮುಖಗಳನ್ನು ಪರಿಶೀಲಿಸಿ, ಕಾನೂನಿನ ಸ್ಥಿತಿ ಹಾಗೂ ಅನುಸರಿಸಬೇಕಾದ ಕ್ರಮಗಳನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕಿರುಕುಳ ಯಾವುದು, ಯಾವುದು ಅಲ್ಲ

ಕಿರುಕುಳದ ಬಗ್ಗೆ ಶಾಸ್ತ್ರೀಯ ಅಧ್ಯಯನ ಆರಂಭವಾದದ್ದು ಶಾಲೆಗಳಲ್ಲಿ. 1970ರ ದಶಕದಲ್ಲಿ ಸ್ಕ್ಯಾಂಡಿನೇವಿಯಾದ ಶಾಲಾ ಮಕ್ಕಳ ನಡುವಿನ ಹಿಂಸೆಯನ್ನು ಅಭ್ಯಸಿಸಿದ ಮನಶ್ಶಾಸ್ತ್ರಜ್ಞ ಡಾನ್ ಒಲ್ವೇಯಸ್ ಅವರು ಮೂರು ಲಕ್ಷಣಗಳನ್ನು ಗುರುತಿಸಿದರು. ಮೊದಲನೆಯದು, ನೋಯಿಸುವ ಉದ್ದೇಶ. ಎರಡನೆಯದು, ಮತ್ತೆ ಮತ್ತೆ ನಡೆಯುವಿಕೆ. ಮೂರನೆಯದು, ಎರಡು ಪಕ್ಷಗಳ ನಡುವಿನ ಬಲದ ಅಸಮತೆ. ಸರಿಸಮಾನರ ನಡುವೆ ಒಮ್ಮೆ ನಡೆದ ಜಗಳವು ಜಗಳವೇ ಹೊರತು ಕಿರುಕುಳವಲ್ಲ.

ಮೊಬೈಲ್ ಫೋನು ಮತ್ತು ಅಂತರಜಾಲಗಳು ಈ ಮೂರೂ ಲಕ್ಷಣಗಳ ಸ್ವರೂಪವನ್ನು ಬದಲಿಸಿವೆ. ಒಂದೇ ಸಲ ಹಾಕಿದ ಸಂದೇಶವನ್ನು ನೂರು ಮಂದಿ ಮುಂದಕ್ಕೆ ರವಾನಿಸಿದರೆ ಅದು ನೂರು ಸಲ ನಡೆದಂತಾಗುತ್ತದೆ. ಹೆಸರು ಮರೆಸಿಕೊಂಡವನಿಗೆ ದೈಹಿಕ ಬಲವಾಗಲಿ ಹಣಬಲವಾಗಲಿ ಬೇಕಾಗಿಲ್ಲ. ಎದುರಾಳಿಯ ಒಂದು ಭಾವಚಿತ್ರ ಮತ್ತು ಅವನ ಪರಿಚಿತರ ಫೋನ್ ಸಂಖ್ಯೆಗಳು ಕೈಯಲ್ಲಿದ್ದರೆ ಅದೇ ಅವನ ಬಲ. ಅಂಗಡಿಯ ಬಾಗಿಲು ಹಾಕಿ ಮನೆಗೆ ಹೋದರೂ ಕಿರುಕುಳ ಹಿಂದೆಯೇ ಬರುತ್ತದೆ.

ಆದರೆ ಅಹಿತಕರವಾದ ಎಲ್ಲ ಮಾತುಗಳನ್ನೂ ಈ ಪಟ್ಟಿಗೆ ಸೇರಿಸುವುದು ಸರಿಯಲ್ಲ. ಕೊಂಡ ಮಿಕ್ಸರ್ ಎರಡೇ ದಿನದಲ್ಲಿ ಕೆಟ್ಟಿತೆಂದು ಗ್ರಾಹಕನು ಬರೆದರೆ ಅದು ದೂರು. ಬಾಕಿ ಹಣವನ್ನು ಮರ್ಯಾದೆಯ ಮಾತಿನಲ್ಲಿ ನೆನಪಿಸಿದರೆ ಅದು ವ್ಯವಹಾರ. ಸರಕಿನ ಗುಣಮಟ್ಟವನ್ನು ಟೀಕಿಸಿದರೆ ಅದು ವಿಮರ್ಶೆ. ವ್ಯವಹಾರದ ವಿಷಯವನ್ನು ಬಿಟ್ಟು ವ್ಯಕ್ತಿಯ ಮಾನ, ಕುಟುಂಬ, ಜಾತಿ, ಶರೀರಗಳ ಮೇಲೆ ಮಾತು ತಿರುಗಿದಾಗ, ಅಥವಾ ಸಂಬಂಧವಿಲ್ಲದ ಮೂರನೆಯವರ ಮುಂದೆ ಅವಮಾನಪಡಿಸಿ ಕಾರ್ಯ ಸಾಧಿಸಲು ಹೊರಟಾಗ ಕಿರುಕುಳ ಆರಂಭವಾಗುತ್ತದೆ. ಈ ಗೆರೆಯನ್ನು ಸ್ಪಷ್ಟವಾಗಿ ಇಟ್ಟುಕೊಂಡರೆ ಮುಂದಿನ ಎಲ್ಲ ತೀರ್ಮಾನಗಳೂ ಸುಲಭವಾಗುತ್ತವೆ.

ಸಾಲದ ಆ್ಯಪ್‌ಗಳು: ಒಂದು ಪ್ರಕರಣದ ಅಧ್ಯಯನ

ಸೈಬರ್ ಕಿರುಕುಳವು ಸಂಘಟಿತ ದಂಧೆಯಾಗಿ ಬೆಳೆದ ಬಗೆಯನ್ನು ತಿಳಿಯಲು ಸಾಲದ ಆ್ಯಪ್‌ಗಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2020ರಲ್ಲಿ ಕೋವಿಡ್ ಲಾಕ್‌ಡೌನ್‌ನಿಂದ ವ್ಯಾಪಾರ ನಿಂತುಹೋದಾಗ, ಕೈಗಡ ದೊರೆಯದ ಅನೇಕರು ಮೊಬೈಲ್‌ನಲ್ಲಿಯೇ ಸಾಲ ಕೊಡುವ ಆ್ಯಪ್‌ಗಳ ಮೊರೆಹೋದರು. ಜಾಮೀನು ಬೇಡ, ಕಾಗದಪತ್ರ ಬೇಡ, ಕೆಲವೇ ನಿಮಿಷಗಳಲ್ಲಿ ಹಣ ಎಂಬುದು ಇವುಗಳ ಆಕರ್ಷಣೆ.

ಇದರ ಲೆಕ್ಕವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡಬಹುದು. 5,000 ರೂಪಾಯಿ ಸಾಲ ಮಂಜೂರಾಯಿತೆಂದು ತೋರಿಸಿ, ‘ಸಂಸ್ಕರಣಾ ಶುಲ್ಕ’ವೆಂದು 1,500 ರೂಪಾಯಿ ಮುರಿದುಕೊಂಡು, 3,500 ರೂಪಾಯಿಯನ್ನು ಮಾತ್ರ ಖಾತೆಗೆ ಹಾಕಲಾಗುತ್ತದೆ. ಏಳನೆಯ ದಿನ 5,000 ರೂಪಾಯಿ ಕಟ್ಟಬೇಕು. ಕೈಗೆ ಬಂದ ಹಣದ ಮೇಲೆ ಇದು ವಾರಕ್ಕೆ ಸುಮಾರು ಶೇಕಡಾ 43 ಆಯಿತು. ಸರಳ ಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಶೇಕಡಾ 2,200ನ್ನು ಮೀರುತ್ತದೆ. ಮೀಟರ್ ಬಡ್ಡಿಯವನೂ ನಾಚುವ ದರವಿದು.

ಈ ದಂಧೆಯ ನಿಜವಾದ ಅಡಮಾನ ಬಡ್ಡಿಯ ಲೆಕ್ಕದಲ್ಲಿ ಕಾಣಿಸುವುದಿಲ್ಲ. ಆ್ಯಪನ್ನು ಅಳವಡಿಸಿಕೊಳ್ಳುವಾಗ ಕೇಳಿದ ಅನುಮತಿಗಳಿಗೆಲ್ಲ ‘ಒಪ್ಪಿಗೆ’ ಎಂದು ಒತ್ತಿದ ಕ್ಷಣದಲ್ಲಿಯೇ ಫೋನಿನಲ್ಲಿದ್ದ ಹೆಸರು ಮತ್ತು ಸಂಖ್ಯೆಗಳ ಪಟ್ಟಿ, ಭಾವಚಿತ್ರಗಳು ಸಾಲ ಕೊಟ್ಟವನ ವಶವಾಗಿರುತ್ತವೆ. ಕಂತು ಒಂದು ದಿನ ತಡವಾದರೂ ಸಗಟು ವ್ಯಾಪಾರಿಗೆ, ಬೀಗರಿಗೆ, ಅಂಗಡಿಯ ಕೆಲಸಗಾರನಿಗೆ ‘ಈತ ಮೋಸಗಾರ’ ಎಂಬ ಸಂದೇಶ ಹೋಗುತ್ತದೆ. ಭಾವಚಿತ್ರವನ್ನು ಅಶ್ಲೀಲವಾಗಿ ತಿದ್ದಿ ಹಂಚುವ ಬೆದರಿಕೆ ಬರುತ್ತದೆ. ಒಂದು ಸಾಲ ತೀರಿಸಲು ಇನ್ನೊಂದು ಆ್ಯಪ್‌ನಿಂದ ಸಾಲ ಪಡೆಯುವಂತಾಗುತ್ತದೆ. ಇಲ್ಲಿ ಅಡವಿಟ್ಟದ್ದು ಚಿನ್ನವೂ ಅಲ್ಲ, ಮನೆಯ ಪತ್ರವೂ ಅಲ್ಲ. ಮರ್ಯಾದೆಯೇ ಅಡವಿಗೆ ಬಿದ್ದಿರುತ್ತದೆ.

ರಿಸರ್ವ್ ಬ್ಯಾಂಕ್ 2020ರ ಡಿಸೆಂಬರ್ 23ರಂದು ಇಂತಹ ಅನಧಿಕೃತ ವೇದಿಕೆಗಳ ವಿರುದ್ಧ ಸಾರ್ವಜನಿಕರನ್ನು ಎಚ್ಚರಿಸಿತು. 2021ರ ಜನವರಿಯಲ್ಲಿ ಅದು ರಚಿಸಿದ ಕಾರ್ಯತಂಡವು ಅದೇ ವರ್ಷದ ನವೆಂಬರ್‌ನಲ್ಲಿ ಪ್ರಕಟವಾದ ವರದಿಯಲ್ಲಿ, ಪರಿಶೀಲನೆಗೆ ಒಳಪಟ್ಟ ಸುಮಾರು 1,100 ಸಾಲದ ಆ್ಯಪ್‌ಗಳ ಪೈಕಿ ಸುಮಾರು 600 ಕಾನೂನುಬಾಹಿರವೆಂದು ತಿಳಿಸಿತು. ಬೆಂಗಳೂರಿನ ಸೈಬರ್ ಅಪರಾಧ ಠಾಣೆಯಲ್ಲಿ ದಾಖಲಾಗಿದ್ದ 18 ಎಫ್‌ಐಆರ್‌ಗಳ ಆಧಾರದ ಮೇಲೆ ಜಾರಿ ನಿರ್ದೇಶನಾಲಯವು 2022ರ ಸೆಪ್ಟೆಂಬರ್‌ನಲ್ಲಿ ನಗರದ ಆರು ಸ್ಥಳಗಳಲ್ಲಿ ಶೋಧ ನಡೆಸಿತು.

ಅನಂತರ ಬಂದ ನಿಯಮಗಳು ಪ್ರತಿಯೊಬ್ಬ ಸಾಲಗಾರನೂ ತಿಳಿದಿರಬೇಕಾದವು. 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್, ವಸೂಲಿ ಪ್ರತಿನಿಧಿಗಳು ಸಾಲಗಾರನನ್ನು ಬಹಿರಂಗವಾಗಿ ಅವಮಾನಿಸುವುದು, ಅವನ ಕುಟುಂಬದವರು ಮತ್ತು ಸ್ನೇಹಿತರ ಖಾಸಗಿತನಕ್ಕೆ ಕೈಹಾಕುವುದು, ಮೊಬೈಲ್ ಅಥವಾ ಸಾಮಾಜಿಕ ಜಾಲತಾಣದ ಮೂಲಕ ಅನುಚಿತ ಸಂದೇಶ ಕಳುಹಿಸುವುದು, ಬೆಳಗ್ಗೆ 8 ಗಂಟೆಗೆ ಮೊದಲು ಮತ್ತು ಸಂಜೆ 7 ಗಂಟೆಯ ನಂತರ ವಸೂಲಿಗಾಗಿ ಕರೆ ಮಾಡುವುದು ಇವುಗಳನ್ನು ನಿಷೇಧಿಸಿತು. ಅದೇ ವರ್ಷದ ಸೆಪ್ಟೆಂಬರ್ 2ರ ಮಾರ್ಗಸೂಚಿಗಳ ಪ್ರಕಾರ ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಕಡತಗಳು ಮತ್ತು ಕರೆಗಳ ವಿವರಗಳನ್ನು ಮುಟ್ಟುವಂತಿಲ್ಲ. 2025ರ ನಿರ್ದೇಶನಗಳಲ್ಲಿಯೂ ಈ ನಿರ್ಬಂಧ ಮುಂದುವರಿಯಿತು. ಆದ್ದರಿಂದ ಸಂಪರ್ಕ ಪಟ್ಟಿಯನ್ನು ಕೇಳುವ ಸಾಲದ ಆ್ಯಪ್ ಕಂಡುಬಂದರೆ, ಅದು ನಿಯಮ ಮುರಿಯುತ್ತಿದೆಯೆಂದು ತಿಳಿಯಲು ಅಷ್ಟೇ ಸಾಕು. ಕರ್ನಾಟಕ ಸರ್ಕಾರವು 2025ರ ಫೆಬ್ರವರಿಯಲ್ಲಿ ಕಿರುಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿ, ಹತ್ತು ವರ್ಷಗಳವರೆಗಿನ ಸೆರೆವಾಸ ಹಾಗೂ ಐದು ಲಕ್ಷ ರೂಪಾಯಿವರೆಗಿನ ದಂಡಕ್ಕೆ ಅವಕಾಶ ಕಲ್ಪಿಸಿತು.

ಕನ್ನಡಿಯ ಇನ್ನೊಂದು ಮುಖ: ಬಾಕಿ ವಸೂಲಿ

ಸಾಲದ ಆ್ಯಪ್‌ನವನು ಮಾಡಿದ್ದನ್ನು ಎಲ್ಲರೂ ಖಂಡಿಸುತ್ತಾರೆ. ಅದೇ ಕೆಲಸ ಚಿಕ್ಕ ಪ್ರಮಾಣದಲ್ಲಿ ಪೇಟೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆದಾಗ ಅದು ಕಿರುಕುಳವೆಂದು ತೋರುವುದಿಲ್ಲ. ಉದಾಹರಣೆಗೆ, ಒಬ್ಬ ಚಿಲ್ಲರೆ ವ್ಯಾಪಾರಿಯು 60,000 ರೂಪಾಯಿ ಬಾಕಿ ಉಳಿಸಿಕೊಂಡು ಫೋನ್ ಎತ್ತುತ್ತಿಲ್ಲ. ಸಗಟು ವ್ಯಾಪಾರಿಯು ಅವನ ಭಾವಚಿತ್ರವನ್ನು ‘ಈ ವಂಚಕನಿಗೆ ಯಾರೂ ಸರಕು ಕೊಡಬೇಡಿ’ ಎಂಬ ಒಕ್ಕಣೆಯೊಡನೆ ಇನ್ನೂರು ಸದಸ್ಯರ ಗುಂಪಿಗೆ ಹಾಕುತ್ತಾನೆ. ಸಂಜೆಯೊಳಗೆ ಅದು ಊರಿನ ಇತರ ಗುಂಪುಗಳಿಗೂ ತಲುಪುತ್ತದೆ. ಮರುದಿನ ಆ ಚಿಲ್ಲರೆ ವ್ಯಾಪಾರಿಗೆ ಯಾರೂ ಉದ್ದರಿ ಕೊಡುವುದಿಲ್ಲ. ಅಂಗಡಿ ನಡೆಯದಿದ್ದರೆ ಬಾಕಿ ತೀರಿಸುವ ದಾರಿಯೂ ಮುಚ್ಚುತ್ತದೆ. ಹಣವನ್ನೂ ಕಳೆದುಕೊಂಡು, ಮೊಕದ್ದಮೆಗೂ ಈಡಾಗುವ ಸ್ಥಿತಿ ಸಗಟು ವ್ಯಾಪಾರಿಗೆ ಬರಬಹುದು.

‘ಬಾಕಿ ಇರುವುದು ನಿಜ, ನಿಜ ಹೇಳಿದರೆ ತಪ್ಪೇನು?’ ಎಂಬ ವಾದ ಸಹಜ. 2023ರ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಗೆ ಸಂಬಂಧಿಸಿದ್ದು. ಅದರ ಮೊದಲ ವಿನಾಯಿತಿಯ ಪ್ರಕಾರ ಹೇಳಿದ ಮಾತು ಸತ್ಯವಾಗಿದ್ದರಷ್ಟೇ ಸಾಲದು, ಅದನ್ನು ಹೇಳುವುದು ಸಾರ್ವಜನಿಕ ಹಿತಕ್ಕೆ ಅವಶ್ಯವಾಗಿಯೂ ಇರಬೇಕು. ಸಾಲ ತೀರಿಸದಿರುವುದಕ್ಕೂ ವಂಚಿಸುವುದಕ್ಕೂ ಕಾನೂನಿನಲ್ಲಿ ಬಹಳ ಅಂತರವಿದೆ. ಬಾಕಿಯನ್ನು ತೋರಿಸಲು ಬಿಲ್ಲುಗಳಿರಬಹುದು. ‘ವಂಚಕ’ ಎಂಬ ಮಾತನ್ನು ರುಜುವಾತುಪಡಿಸಲು ಬಿಲ್ಲುಗಳು ಸಾಲವು. ಅಂಗಡಿಯ ಸಿಸಿಟಿವಿ ದೃಶ್ಯವನ್ನು ‘ಈ ಹೆಂಗಸು ಕಳ್ಳಿ’ ಎಂದು ಗುಂಪಿಗೆ ಹಾಕುವುದಕ್ಕೂ ಈ ಮಾತು ಅನ್ವಯಿಸುತ್ತದೆ. ಆ ದೃಶ್ಯ ಸೇರಬೇಕಾದ ಸ್ಥಳ ಪೊಲೀಸ್ ಠಾಣೆ.

ಬಾಕಿ ವಸೂಲಿಗೆ ಕಾನೂನು ಬೇರೆ ದಾರಿಗಳನ್ನು ಕೊಟ್ಟಿದೆ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ನೋಂದಾಯಿತ ಅತಿಸಣ್ಣ ಹಾಗೂ ಸಣ್ಣ ಉದ್ಯಮಗಳಿಂದ ಸರಕು ಪಡೆದವನು, ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಚಕ್ರಬಡ್ಡಿ ಸಲ್ಲಿಸಬೇಕಾಗುತ್ತದೆ. 2017ರಲ್ಲಿ ಆರಂಭವಾದ ‘ಸಮಾಧಾನ್’ ಪೋರ್ಟಲ್ ಇಂತಹ ದೂರುಗಳನ್ನು ಅಂತರಜಾಲದ ಮೂಲಕ ಸೌಲಭ್ಯ ಮಂಡಳಿಗೆ ಸಲ್ಲಿಸುವ ಅನುಕೂಲ ಒದಗಿಸಿತು. ಉದ್ಯಮ್ ನೋಂದಣಿ ಪಡೆದ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ 2021ರ ಆದೇಶದಂತೆ ದೊರೆತದ್ದು ಆದ್ಯತಾ ವಲಯದ ಸಾಲದ ಸೌಲಭ್ಯ ಮಾತ್ರವಾದ್ದರಿಂದ, ವಿಳಂಬ ಪಾವತಿಯ ಈ ರಕ್ಷಣೆ ಮುಖ್ಯವಾಗಿ ತಯಾರಕರು ಮತ್ತು ಸೇವಾ ಉದ್ಯಮಗಳಿಗೆ ಸಂಬಂಧಿಸಿದೆ. ವ್ಯಾಪಾರಿಗಳಿಗೆ ಚೆಕ್ ಅಮಾನ್ಯವಾದಾಗ 1881ರ ವರ್ಗಾವಣೀಯ ಲಿಖಿತಗಳ ಕಾಯಿದೆಯ 138ನೇ ಕಲಂ ಇದೆ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸು ಕೊಡಬೇಕು, 15 ದಿನ ಕಾಯಬೇಕು, ಅನಂತರ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕು. ಬಾಕಿ ಪಡೆಯುವ ಹಕ್ಕು ಬೇರೆ, ಮಾನ ಕಳೆಯುವ ಹಕ್ಕು ಬೇರೆ. ಮೊದಲನೆಯದನ್ನು ಕಾನೂನು ಎತ್ತಿಹಿಡಿಯುತ್ತದೆ. ಎರಡನೆಯದು ಯಾರಿಗೂ ಇಲ್ಲ.

ಸುಳ್ಳು ವಿಮರ್ಶೆ ಮತ್ತು ಹಣದ ಬೇಡಿಕೆ

ಹೋಟೆಲು, ಬೇಕರಿ, ಆಭರಣದ ಅಂಗಡಿ, ವಾಹನ ದುರಸ್ತಿ ಕೇಂದ್ರ ಮುಂತಾದ ವ್ಯವಹಾರಗಳಿಗೆ ಇಂದು ಅಂತರಜಾಲದ ಅಂಕಗಳೇ ಫಲಕದಂತಾಗಿವೆ. ಒಂದೇ ದಿನ ಹತ್ತಾರು ಅಪರಿಚಿತ ಖಾತೆಗಳಿಂದ ಕನಿಷ್ಠ ಅಂಕ ಬಿದ್ದರೆ ಅದನ್ನು ಗ್ರಾಹಕರ ಅಭಿಪ್ರಾಯವೆಂದು ಭಾವಿಸಲಾಗದು. ಹಣ ಕೊಟ್ಟರೆ ತೆಗೆಯುತ್ತೇವೆ ಎಂಬ ಬೇಡಿಕೆಯೂ ಜೊತೆಗೆ ಬಂದರೆ ಅದು ಸುಲಿಗೆ.

ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಅಂತರಜಾಲ ವಿಮರ್ಶೆಗಳಿಗೆಂದೇ ಐಎಸ್ 19000 ಎಂಬ ಮಾನಕವನ್ನು ಹೊರತಂದಿತು. ಸ್ವಯಂಪ್ರೇರಿತವಾಗಿ ಪಾಲಿಸುವಂತೆ ಜಾರಿಗೆ ಬಂದ ಈ ಮಾನಕವು ವಿಮರ್ಶಕನ ಗುರುತನ್ನು ಪರಿಶೀಲಿಸುವ ಕ್ರಮಗಳನ್ನು ತಿಳಿಸುತ್ತದೆ. ವ್ಯಾಪಾರಿಯು ಇಂತಹ ವಿಮರ್ಶೆಗಳಿಗೆ ಸಿಟ್ಟಿನಿಂದ ಉತ್ತರಿಸಬಾರದು. ‘ಈ ಹೆಸರಿನ ಬಿಲ್ಲು ನಮ್ಮ ದಾಖಲೆಯಲ್ಲಿ ಕಂಡುಬಂದಿಲ್ಲ, ದಯವಿಟ್ಟು ಬಿಲ್ಲಿನ ಸಂಖ್ಯೆಯೊಡನೆ ಅಂಗಡಿಯನ್ನು ಸಂಪರ್ಕಿಸಿ’ ಎಂಬ ಒಂದು ಸಾಲಿನ ಉತ್ತರವನ್ನು ಓದುವ ಇತರ ಗ್ರಾಹಕರು ಸತ್ಯವನ್ನು ತಾವೇ ಊಹಿಸಿಕೊಳ್ಳುತ್ತಾರೆ. ದೂರು ನಿಜವಾಗಿದ್ದರೆ ತಪ್ಪನ್ನು ಸರಿಪಡಿಸಿ, ಸರಿಪಡಿಸಿದ್ದನ್ನು ತಿಳಿಸುವುದೇ ಉತ್ತಮ ಉತ್ತರ.

ಅಂಗಡಿ ಮತ್ತು ಕಾರ್ಖಾನೆಯ ಒಳಗೆ

ಹಾಜರಾತಿ, ಪಾಳಿ, ಉತ್ಪಾದನೆಯ ಲೆಕ್ಕಗಳಿಗಾಗಿ ಅನೇಕ ಘಟಕಗಳಲ್ಲಿ ಕೆಲಸಗಾರರ ವಾಟ್ಸ್‌ಆ್ಯಪ್ ಗುಂಪುಗಳಿವೆ. ತಡವಾಗಿ ಬಂದವನನ್ನು ಎಲ್ಲರ ಎದುರು ಮೂದಲಿಸುವುದು, ಕೆಟ್ಟ ಮಾಲು ತಯಾರಿಸಿದವನ ಚಿತ್ರ ಹಾಕಿ ನಗುವುದು, ಹೊಸದಾಗಿ ಸೇರಿದ ಹುಡುಗನಿಗೆ ಅಡ್ಡಹೆಸರು ಇಟ್ಟು ಕಾಡುವುದು ಇವೆಲ್ಲ ತಮಾಷೆಯ ಹೆಸರಿನಲ್ಲಿ ನಡೆಯುತ್ತವೆ. ಮಾಲೀಕನು ಅದೇ ಗುಂಪಿನಲ್ಲಿದ್ದು ಮೌನವಾಗಿದ್ದರೆ ಆ ಮೌನವನ್ನು ಒಪ್ಪಿಗೆಯೆಂದೇ ಕೆಲಸಗಾರರು ತಿಳಿಯುತ್ತಾರೆ. ನುರಿತ ಕೆಲಸಗಾರನೊಬ್ಬ ಕಾರಣ ಹೇಳದೆ ಕೆಲಸ ಬಿಟ್ಟಾಗ ಆಗುವ ನಷ್ಟ ಲೆಕ್ಕಪುಸ್ತಕದಲ್ಲಿ ಕಾಣಿಸದಿದ್ದರೂ ನಷ್ಟವೇ.

ಮಹಿಳಾ ಸಿಬ್ಬಂದಿಯ ವಿಷಯದಲ್ಲಿ ಹೊಣೆ ಇನ್ನೂ ಸ್ಪಷ್ಟವಾಗಿದೆ. 2013ರ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯಿದೆಯ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಪ್ರತಿ ಘಟಕವೂ ಆಂತರಿಕ ಸಮಿತಿಯನ್ನು ರಚಿಸಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಸಲ್ಲುತ್ತದೆ. ಅಶ್ಲೀಲ ಚಿತ್ರವನ್ನು ತೋರಿಸುವುದು, ಲೈಂಗಿಕ ಅರ್ಥದ ಮಾತುಗಳನ್ನಾಡುವುದು ಈ ಕಾಯಿದೆಯ ವ್ಯಾಪ್ತಿಯಲ್ಲಿವೆ. ಅವು ಫೋನಿನ ಮೂಲಕ ನಡೆದವೆಂಬ ಕಾರಣಕ್ಕೆ ಹೊರಗುಳಿಯುವುದಿಲ್ಲ. ದೂರು ಸಲ್ಲಿಸಲು ಘಟನೆಯ ದಿನದಿಂದ ಮೂರು ತಿಂಗಳ ಅವಧಿಯಿದ್ದು, ಸಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು.

ಕಾನೂನಿನ ಸ್ಥಿತಿ

ಭಾರತದಲ್ಲಿ ‘ಸೈಬರ್ ಕಿರುಕುಳ’ ಎಂಬ ಹೆಸರಿನ ಪ್ರತ್ಯೇಕ ಅಪರಾಧವಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಂ ‘ಕಿರಿಕಿರಿ’ ಉಂಟುಮಾಡುವ ಸಂದೇಶಗಳನ್ನು ಕೂಡ ಅಪರಾಧವೆಂದು ಕರೆದಿತ್ತು. ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಅದನ್ನು ರದ್ದುಪಡಿಸಿತು. ಆದ್ದರಿಂದ ಆ ಕಲಮಿನಡಿ ದೂರು ಕೊಡುವ ಸಲಹೆ ಯಾರಿಂದ ಬಂದರೂ ಅದನ್ನು ಅನುಸರಿಸಬಾರದು. ನಡೆದ ಕೃತ್ಯ ಯಾವುದೆಂಬುದನ್ನು ನೋಡಿ ಅದಕ್ಕೆ ತಕ್ಕ ಕಲಮನ್ನು ಆಧರಿಸಬೇಕಾಗುತ್ತದೆ.

2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ 66ಸಿ ಕಲಂ ಮತ್ತೊಬ್ಬರ ಪಾಸ್‌ವರ್ಡ್ ಮುಂತಾದ ಗುರುತಿನ ದುರ್ಬಳಕೆಗೂ, 66ಡಿ ಕಲಂ ಕಂಪ್ಯೂಟರ್ ಸಾಧನದ ಮೂಲಕ ಬೇರೊಬ್ಬರ ಸೋಗಿನಲ್ಲಿ ವಂಚಿಸುವುದಕ್ಕೂ, 66ಇ ಕಲಂ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದಕ್ಕೆ ಅಥವಾ ಹಂಚುವುದಕ್ಕೂ, 67ನೇ ಕಲಂ ಅಶ್ಲೀಲ ಸಾಮಗ್ರಿಯ ಪ್ರಸಾರಕ್ಕೂ ಅನ್ವಯಿಸುತ್ತವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 308ನೇ ಕಲಂ ಸುಲಿಗೆಗೆ, 351ನೇ ಕಲಂ ಅಪರಾಧಿಕ ಬೆದರಿಕೆಗೆ, 78ನೇ ಕಲಂ ಮಹಿಳೆಯನ್ನು ಅಂತರಜಾಲದಲ್ಲಿ ಹಿಂಬಾಲಿಸುವುದಕ್ಕೆ, 79ನೇ ಕಲಂ ಮಹಿಳೆಯ ಗೌರವಕ್ಕೆ ಧಕ್ಕೆ ತರುವ ಮಾತುಗಳಿಗೆ ಸಂಬಂಧಿಸಿವೆ. ಹೆಸರು ಮರೆಸಿಕೊಂಡು ಬೆದರಿಸಿದರೆ 351ನೇ ಕಲಮಿನಲ್ಲಿ ಎರಡು ವರ್ಷಗಳವರೆಗೆ ಹೆಚ್ಚುವರಿ ಶಿಕ್ಷೆಯಿದೆ. ಮಾನಹಾನಿಯ ವಿಷಯದಲ್ಲಿ ಮಾತ್ರ ಕ್ರಮ ಬೇರೆ. ಬಾಧಿತನೇ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಖಾಸಗಿ ದೂರು ಸಲ್ಲಿಸಬೇಕು.

ವರ್ತಕ ಸಂಘಗಳ ಪದಾಧಿಕಾರಿಗಳನ್ನು ಕಾಡುವ ಇನ್ನೊಂದು ಪ್ರಶ್ನೆ ಗುಂಪಿನ ಅಡ್ಮಿನ್‌ನ ಹೊಣೆಗಾರಿಕೆಯದು. ಇತರ ಸದಸ್ಯನೊಬ್ಬನು ಹಾಕಿದ ಸಂದೇಶಕ್ಕೆ ಅಡ್ಮಿನ್ ತಾನಾಗಿ ಅಪರಾಧಿಯಾಗುವುದಿಲ್ಲವೆಂದು ಬಾಂಬೆ ಉಚ್ಚ ನ್ಯಾಯಾಲಯದ ನಾಗಪುರ ಪೀಠವು 2021ರಲ್ಲಿ, ಕೇರಳ ಉಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪಿತ್ತಿವೆ. ಸಮಾನ ಉದ್ದೇಶದಿಂದ ಕೈಜೋಡಿಸಿದವನಿಗೆ ಈ ರಕ್ಷಣೆ ದೊರೆಯದು.

ಎದುರಿಸುವ ಕ್ರಮ

ಕಿರುಕುಳಕ್ಕೆ ಸಿಲುಕಿದ ವ್ಯಾಪಾರಿಯು ಕೆಳಗಿನ ಕ್ರಮಗಳನ್ನು ಇದೇ ಅನುಕ್ರಮದಲ್ಲಿ ಕೈಗೊಳ್ಳುವುದು ಸೂಕ್ತ.

1. ಮೊದಲ ಗಂಟೆಯಲ್ಲಿ ಉತ್ತರ ಕೊಡಬಾರದು. ಸಿಟ್ಟಿನ ಉತ್ತರವನ್ನು ಎದುರಾಳಿಯು ಕತ್ತರಿಸಿ, ತನಗೆ ಬೇಕಾದ ತುಂಡನ್ನು ಮಾತ್ರ ಹಂಚುತ್ತಾನೆ. ಹಣ ಕೊಟ್ಟು ಬಾಯಿ ಮುಚ್ಚಿಸುವ ಯೋಚನೆಯೂ ಬೇಡ. ಒಮ್ಮೆ ಹಣ ಕೊಟ್ಟವನನ್ನು ಸುಲಿಗೆಗಾರನು ಸುಲಭವಾಗಿ ಬಿಡುವುದಿಲ್ಲ. ನಿಜವಾದ ಸಾಲವಿದ್ದರೆ ಅದನ್ನು ನೋಂದಾಯಿತ ಸಂಸ್ಥೆಯ ಖಾತೆಗೇ ಪಾವತಿಸಿ ರಸೀದಿ ಪಡೆಯಬೇಕು. ಪೊಲೀಸ್ ಅಥವಾ ವಕೀಲನ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ಬರುವ ‘ವಾರಂಟ್’ಗಳಿಗೆ ಹೆದರಬೇಕಾಗಿಲ್ಲ. ಕಂತು ತಡವಾಗುವುದು ಸಿವಿಲ್ ಹೊಣೆ. ಅಷ್ಟಕ್ಕೇ ಯಾರನ್ನೂ ಬಂಧಿಸುವಂತಿಲ್ಲ.

2. ಸಾಕ್ಷ್ಯವನ್ನು ಉಳಿಸಿಕೊಳ್ಳಬೇಕು. ನಾಚಿಕೆಯಿಂದ ಸಂದೇಶಗಳನ್ನು ಅಳಿಸಿಹಾಕುವುದು ಸಾಮಾನ್ಯ ತಪ್ಪು. ಕಳುಹಿಸಿದವನ ಸಂಖ್ಯೆ, ದಿನಾಂಕ, ವೇಳೆ ಕಾಣುವಂತೆ ಪರದೆಯ ಚಿತ್ರ ತೆಗೆದು, ಸಂಭಾಷಣೆಯನ್ನು ಪೂರ್ತಿಯಾಗಿ ರಫ್ತು ಮಾಡಿ ಇನ್ನೊಂದು ಕಡೆ ಇಡಬೇಕು. ಕರೆಗಳ ದಿನ ಮತ್ತು ವೇಳೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಸಂದೇಶ ಬಂದ ಫೋನನ್ನು ಮಾರುವುದಾಗಲಿ ರೀಸೆಟ್ ಮಾಡುವುದಾಗಲಿ ಕೂಡದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯೊಡನೆ ಪ್ರಮಾಣಪತ್ರ ಸಲ್ಲಿಸಬೇಕಾಗಿದ್ದು, ಮೂಲ ಫೋನ್ ಕೈಯಲ್ಲಿದ್ದರೆ ಆ ಕೆಲಸ ಸುಲಭ.

3. ಸಂಬಂಧಪಟ್ಟವರಿಗೆ ತಾನೇ ಮೊದಲು ತಿಳಿಸಬೇಕು. ಬೆದರಿಕೆಯ ಬಲವೆಲ್ಲ ‘ಜನ ಏನೆಂದುಕೊಳ್ಳುತ್ತಾರೋ’ ಎಂಬ ಭಯದಲ್ಲಿದೆ. ಮನೆಯವರಿಗೆ, ಮುಖ್ಯ ಸರಬರಾಜುದಾರರಿಗೆ, ಕೆಲಸಗಾರರಿಗೆ ಹೀಗೊಂದು ಸಂದೇಶ ಕಳುಹಿಸಬಹುದು: ‘ನನ್ನ ಫೋನಿನ ಮಾಹಿತಿ ಕದ್ದವರು ನನ್ನ ಹೆಸರಿನಲ್ಲಿ ಸುಳ್ಳು ಸಂದೇಶ ಮತ್ತು ತಿದ್ದಿದ ಚಿತ್ರಗಳನ್ನು ಕಳುಹಿಸುತ್ತಿದ್ದಾರೆ. ಪೊಲೀಸರಿಗೆ ದೂರು ಕೊಡುತ್ತಿದ್ದೇನೆ. ದಯವಿಟ್ಟು ಉತ್ತರಿಸಬೇಡಿ, ಹಣ ಕಳುಹಿಸಬೇಡಿ, ಮುಂದಕ್ಕೆ ರವಾನಿಸಬೇಡಿ. ಬಂದ ಸಂದೇಶದ ಪರದೆಯ ಚಿತ್ರವನ್ನು ನನಗೆ ಕಳುಹಿಸಿ.’ ಇದರಿಂದ ಬೆದರಿಕೆಯ ಮೊನೆ ಮುರಿಯುತ್ತದೆ, ಸಾಕ್ಷ್ಯವೂ ಕೂಡಿಬರುತ್ತದೆ.

4. ದಾರಿಗಳನ್ನು ಮುಚ್ಚಬೇಕು. ಸಾಕ್ಷ್ಯ ಉಳಿಸಿಕೊಂಡ ನಂತರ ಆ್ಯಪ್‌ಗೆ ಕೊಟ್ಟ ಅನುಮತಿಗಳನ್ನು ಹಿಂಪಡೆದು ಅದನ್ನು ತೆಗೆದುಹಾಕಬೇಕು. ಇಮೇಲ್, ಬ್ಯಾಂಕ್, ಸಾಮಾಜಿಕ ಜಾಲತಾಣಗಳ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆಯನ್ನು ಅಳವಡಿಸಬೇಕು. ಸಂಖ್ಯೆಯನ್ನು ನಿರ್ಬಂಧಿಸುವುದು ಅನಂತರದ ಕೆಲಸ.

5. ವೇದಿಕೆಗೆ ದೂರು ನೀಡಬೇಕು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಪ್ರತಿ ವೇದಿಕೆಯೂ ಕುಂದುಕೊರತೆ ಅಧಿಕಾರಿಯ ವಿವರವನ್ನು ಪ್ರಕಟಿಸಿ, ನಿಗದಿತ ಗಡುವಿನೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ನಗ್ನ ಅಥವಾ ತಿದ್ದಿದ ಚಿತ್ರಗಳ ವಿಷಯದಲ್ಲಿ ಗಡುವು ಅತಿ ಕಡಿಮೆ. ಉತ್ತರ ತೃಪ್ತಿಕರವಾಗಿರದಿದ್ದರೆ 30 ದಿನಗಳೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು.

6. ಪೊಲೀಸರನ್ನು ಸಂಪರ್ಕಿಸಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅನಂತರ ಜಿಲ್ಲೆಗಳಲ್ಲಿಯೂ ಜನರು ‘ಸೆನ್ ಠಾಣೆ’ ಎಂದು ಕರೆಯುವ ಠಾಣೆಗಳು ಸ್ಥಾಪನೆಯಾದವು. ಗಂಭೀರ ಅಪರಾಧದ ಮಾಹಿತಿಯನ್ನು ವ್ಯಾಪ್ತಿಯ ತಕರಾರಿಲ್ಲದೆ ಯಾವುದೇ ಠಾಣೆಯಲ್ಲಿ ಕೊಡುವ ಅವಕಾಶವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಕಲ್ಪಿಸಿದೆ.

7. ಸಾಲಕ್ಕೆ ಸಂಬಂಧಿಸಿದ ಕಿರುಕುಳವಾದರೆ, ನೋಂದಾಯಿತ ಸಂಸ್ಥೆಯ ವಿರುದ್ಧ ಮೊದಲು ಆ ಸಂಸ್ಥೆಗೂ, 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೂ ದೂರು ಸಲ್ಲಿಸಬೇಕು. ಅನಧಿಕೃತ ಸಂಸ್ಥೆಯ ವಿರುದ್ಧ ‘ಸಚೇತ್’ ಪೋರ್ಟಲ್ ಇದೆ.

8. ಮನಸ್ಸನ್ನು ನಿರ್ಲಕ್ಷಿಸಬಾರದು. ನಿದ್ರೆ ಬಾರದಿರುವುದು, ಅಂಗಡಿ ತೆರೆಯಲು ಹಿಂಜರಿಯುವುದು, ಬದುಕಿ ಫಲವಿಲ್ಲ ಎಂಬ ಮಾತು ಇವು ಅಪಾಯದ ಸೂಚನೆಗಳು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದಿನದ ಯಾವುದೇ ವೇಳೆಯಲ್ಲಿ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಕೇಂದ್ರ ಸಂಸ್ಥೆಯಾಗಿದೆ. ಸಾಲ ತೀರಿಸಲು ಅವಧಿ ಕೇಳಬಹುದು, ಹೋದ ಹೆಸರನ್ನು ಮತ್ತೆ ಗಳಿಸಬಹುದು. ಜೀವಕ್ಕೆ ಎರಡನೆಯ ಅವಕಾಶವಿಲ್ಲವೆಂಬುದನ್ನು ಜೊತೆಗಿರುವವರು ನೆನಪಿಸಬೇಕು.

ವರ್ತಕ ಸಂಘಗಳ ಹೊಣೆ

ಒಬ್ಬಂಟಿಯಾಗಿ ಎದುರಿಸುವವನಿಗೆ ಕಿರುಕುಳ ಬೆಟ್ಟದಂತೆ ಕಾಣುತ್ತದೆ. ಸಂಘ ಜೊತೆಗೆ ನಿಂತರೆ ಅದೇ ಹಗುರವಾಗುತ್ತದೆ. ಪ್ರತಿ ವರ್ತಕ ಸಂಘವೂ ತನ್ನ ಗುಂಪಿಗೆ ಮೂರು ನಿಯಮಗಳನ್ನು ಠರಾವಿನ ಮೂಲಕ ಅಂಗೀಕರಿಸಬಹುದು. ಬಾಕಿದಾರನ ಹೆಸರು ಅಥವಾ ಭಾವಚಿತ್ರವನ್ನು ಗುಂಪಿಗೆ ಹಾಕಕೂಡದು. ಬಾಕಿಯ ತಂಟೆಯನ್ನು ಸಂಘದ ಕಚೇರಿಗೆ ಲಿಖಿತವಾಗಿ ತರಬೇಕು. ಸದಸ್ಯನೊಬ್ಬನ ವಿರುದ್ಧ ಬಂದ ಸಂದೇಶವನ್ನು ಅವನನ್ನು ವಿಚಾರಿಸದೆ ಯಾರೂ ಮುಂದಕ್ಕೆ ರವಾನಿಸಕೂಡದು. ದೂರು ಕೊಡಲು ಠಾಣೆಗೆ ಹೋಗುವ ಸದಸ್ಯನ ಜೊತೆ ಪದಾಧಿಕಾರಿಯೊಬ್ಬರು ಹೋಗಬೇಕು.

ಇವುಗಳಲ್ಲಿ ಮೂರನೆಯದಕ್ಕೆ ಖರ್ಚಿಲ್ಲ, ಕಾನೂನಿನ ತಿಳಿವಳಿಕೆಯೂ ಬೇಕಾಗಿಲ್ಲ. ಆದರೂ ಅವಮಾನದಿಂದ ತಲೆ ತಗ್ಗಿಸಿ ನಿಂತ ವ್ಯಾಪಾರಿಗೆ ಅದರಿಂದ ಸಿಗುವ ಧೈರ್ಯ ದೊಡ್ಡದು. ಪೇಟೆಯಲ್ಲಿ ಒಬ್ಬನ ಪತ್ತು ಇತರರ ನಂಬಿಕೆಯಿಂದಲೇ ಹುಟ್ಟಿದ್ದು. ಅದರ ಮೇಲೆ ಏಟು ಬಿದ್ದಾಗ ಕಾಯುವ ಹೊಣೆಯೂ ಆ ಇತರರದೇ. ಆದ್ದರಿಂದ ಸುಳ್ಳು ಸಂದೇಶವೊಂದು ಕೈಗೆ ಬಂದಾಗ ಅದನ್ನು ಮುಂದಕ್ಕೆ ಕಳುಹಿಸದೆ, ಅದರಲ್ಲಿ ಹೆಸರಿಸಲ್ಪಟ್ಟ ವ್ಯಾಪಾರಿಗೆ ಮೊದಲು ಫೋನ್ ಮಾಡುವ ರೂಢಿಯನ್ನು ಪ್ರತಿಯೊಬ್ಬ ವರ್ತಕನೂ ಬೆಳೆಸಿಕೊಳ್ಳತಕ್ಕದ್ದು.